ಒಂಟಿ ದೂರನಡಿಗೆ: ದಿನದ ಲೆಕ್ಕ ಸಂಜೆಯಿಂದ ಶುರುವಾಗಲಿ

ಪ್ರಶ್ನೆ: ಹನ್ನೆರಡು ದಿನ ಒಬ್ಬನೇ ರಸ್ತೆ ಹಿಡಿದು ನಡೆದು, ರಾತ್ರಿ ದಾರಿ ಪಕ್ಕದಲ್ಲಿ ಟೆಂಟ್ ಹಾಕಿಕೊಂಡು ಹೋಗಬೇಕೆಂದಿದ್ದೇನೆ. ತಯಾರಿಗೆಂದು ಮೂರು ದಿನ ನಡೆದು ನೋಡಿದೆ. ದಿನಕ್ಕೆ 30 ಕಿ.ಮೀ. ಗುರಿ ಇಟ್ಟುಕೊಂಡಿದ್ದೆ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಎರಡೂ ಹಿಮ್ಮಡಿಯಲ್ಲಿ ಮತ್ತು ಬಲಗಾಲಿನ ಕಿರುಬೆರಳ ಪಕ್ಕದಲ್ಲಿ ಬೊಬ್ಬೆ ಎದ್ದವು. ವಾಹನಗಳಿಗೆ ಎದುರಾಗಿ ಬಲಬದಿಯಲ್ಲೇ ನಡೆದಿದ್ದೆ. ಅಂದು ಜಾಗ ಹುಡುಕುವಷ್ಟರಲ್ಲಿ ಕತ್ತಲಾಗಿ, ಒಂದು ತಿರುವಿನ ಹತ್ತಿರ ತಗ್ಗಿನಲ್ಲಿ ಸಿಕ್ಕ ಬಯಲಲ್ಲಿ ಟೆಂಟ್ ಹಾಕಿದೆ. ರಾತ್ರಿಯಿಡೀ ಹೆಡ್‌ಲೈಟ್ ಬೆಳಕು, ನಿದ್ದೆ ಇಲ್ಲ. ಬೆಳಿಗ್ಗೆ ನೋಡಿದರೆ ಮಳೆ ಬಾರದೆಯೂ ಟೆಂಟ್ ಒಳಗೆಲ್ಲ ನೀರು. ನನ್ನ ತೂಕ 68 ಕೆ.ಜಿ., ಚೀಲ 16 ಕೆ.ಜಿ. ಇತ್ತು. ಒಂದು ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು, ತಿಳಿಸುವಿರಾ?

ಉತ್ತರ: ನೀವು ಬರೆದಿರುವ ತೊಂದರೆಗಳೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಚೀಲ ಭಾರವಾಗಿತ್ತು, ಹಾಗಾಗಿ ಪಾದ ನೊಂದಿತು, ನಡಿಗೆ ನಿಧಾನವಾಯಿತು, ನಿಧಾನವಾದ್ದರಿಂದ ಕತ್ತಲಾಯಿತು, ಕತ್ತಲಾದ್ದರಿಂದ ಸಿಕ್ಕಿದ್ದೇ ಜಾಗವಾಯಿತು. ಬೆಳಿಗ್ಗೆ ಎದ್ದು ‘ಇವತ್ತು ಎಷ್ಟು ದೂರ ಹೋಗಬಹುದು’ ಎಂದು ಲೆಕ್ಕ ಹಾಕುವ ಒಂಟಿ ನಡಿಗೆಗಾರರಿಗೆ ಬಹುಮಟ್ಟಿಗೆ ಹೀಗೇ ಆಗುತ್ತದೆ. ‘ಇವತ್ತು ಎಲ್ಲಿ ಮಲಗುತ್ತೇನೆ, ಎಷ್ಟು ಗಂಟೆಗೆ’ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಬನ್ನಿ.

ಸೂರ್ಯ ಸಂಜೆ 6.30ಕ್ಕೆ ಮುಳುಗುವ ದಿನ ಎಂದಿಟ್ಟುಕೊಳ್ಳಿ. 6ಕ್ಕೆ ಟೆಂಟ್ ನಿಂತಿರಬೇಕು. ನೆಲ ಸರಿಮಾಡಿ ಟೆಂಟ್ ಎತ್ತಲು ಅರ್ಧ ಗಂಟೆ ಬೇಕು, ಹಾಗಾಗಿ 5.30ಕ್ಕೆ ಜಾಗ ನಿಶ್ಚಯವಾಗಿರಬೇಕು. ಮೊದಲು ಕಂಡ ಜಾಗವೇ ಸರಿಬರುವುದು ಅಪರೂಪ. ಹುಡುಕಾಟಕ್ಕೆ ಒಂದು ಗಂಟೆ ಇಡಿ. ಅಂದರೆ ದಿನದ ನಡಿಗೆ 4.30ಕ್ಕೆ ಮುಗಿಯಿತು, ರಾತ್ರಿಗೆ ಬೇಕಾದ ನೀರೂ ಅಷ್ಟರೊಳಗೆ ತುಂಬಿರಬೇಕು. ಬೆಳಿಗ್ಗೆ 6.30ಕ್ಕೆ ಹೊರಟರೆ ಕೈಯಲ್ಲಿರುವುದು 10 ಗಂಟೆ. ಅದರಲ್ಲಿ ನಡುಹಗಲ ಬಿಸಿಲಿಗೆ 2 ಗಂಟೆ, ಗಂಟೆಗೊಮ್ಮೆ ಹತ್ತು ನಿಮಿಷ ಕೂರುವುದಕ್ಕೆ ಸುಮಾರು ಒಂದೂಕಾಲು ಗಂಟೆ ಹೋದರೆ ಉಳಿಯುವುದು ಆರೂಮುಕ್ಕಾಲು. ಹೊರೆ ಹೊತ್ತವರು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 4 ಕಿ.ಮೀ. ನಡೆಯುತ್ತಾರೆ, ಒಟ್ಟು 27 ಕಿ.ಮೀ. ಇದರಲ್ಲಿ ದಾರಿ ತಪ್ಪಿದ್ದಕ್ಕೆ, ನೀರು ಹುಡುಕಿದ್ದಕ್ಕೆ, ಮಳೆಗೆ ನಿಂತದ್ದಕ್ಕೆ ಒಂದು ನಿಮಿಷವೂ ಇಲ್ಲ. ನಿಮ್ಮ 30 ಕಿ.ಮೀ. ಗುರಿ ಮೊದಲ ದಿನವೇ ಗಡಿಯಾರದ ಆಚೆಗಿತ್ತು.

ದಾರಿಯಲ್ಲಿ ಏರು ಇದ್ದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಏರಿದ ಪ್ರತಿ 600 ಮೀಟರ್ ಎತ್ತರಕ್ಕೆ ಮತ್ತೊಂದು ಗಂಟೆ. ಅದು ಗಟ್ಟಿಮುಟ್ಟಾದವರ ವೇಗ, ವಿಶ್ರಾಂತಿ ಅದರಲ್ಲಿ ಸೇರಿಲ್ಲ. 5ರ ಜಾಗದಲ್ಲಿ 4 ಇಟ್ಟುಕೊಳ್ಳಿ.

ಹೊತ್ತು ಮುಳುಗಲು ಎಷ್ಟು ಸಮಯವಿದೆ ಎಂದು ಕೈ ಚಾಚಿ ದಿಗಂತದ ಮೇಲೆ ಬೆರಳುಗಳನ್ನು ಅಡ್ಡ ಹಿಡಿದು ಅಳೆಯುವ ರೂಢಿಯೊಂದಿದೆ: ಬೆರಳಿಗೆ 15 ನಿಮಿಷ, ನಾಲ್ಕು ಬೆರಳಿಗೆ ಒಂದು ಗಂಟೆ. ಸೂರ್ಯ ಓರೆಯಾಗಿ ಇಳಿಯುವ ಪ್ರದೇಶಗಳಲ್ಲಿ, ಅಂದರೆ ಭೂಮಧ್ಯರೇಖೆಯಿಂದ ಬಹುದೂರದಲ್ಲಿ, ಇದು ಹೆಚ್ಚುಕಡಿಮೆ ನಡೆಯುತ್ತದೆ. ಭೂಮಧ್ಯರೇಖೆಯ ಹತ್ತಿರ ಹೋದಷ್ಟೂ ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಗಂಟೆಗೆ 15 ಡಿಗ್ರಿ. ನಾಲ್ಕು ಬೆರಳಿನ ಅಗಲ ಸುಮಾರು 8 ಡಿಗ್ರಿ. ಹಾಗಾಗಿ ಅಲ್ಲಿ ‘ಇನ್ನೂ ಒಂದು ಗಂಟೆ ಇದೆ’ ಎಂದು ಕಂಡದ್ದು ಅರ್ಧ ಗಂಟೆಗೆ ಮುಗಿದಿರುತ್ತದೆ, ಮುಳುಗಿದ ಮೇಲಿನ ಬೆಳಕೂ 20–25 ನಿಮಿಷಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಬೆರಳನ್ನು ನಂಬುವುದಕ್ಕಿಂತ ಸೂರ್ಯಾಸ್ತದ ಸಮಯವನ್ನು ಮೊದಲೇ ಬರೆದಿಟ್ಟುಕೊಂಡು 4.30ರ ಅಲಾರಂ ಇಟ್ಟುಕೊಳ್ಳುವುದು ಮೇಲು.

ಇನ್ನು ಹೊರೆ. ಮೈತೂಕದ ಐದನೇ ಒಂದು ಭಾಗ ಎಂಬುದು ಮೇಲಿನ ಮಿತಿ; ನಿಮಗೆ ಅದು ಹದಿಮೂರೂವರೆ ಕೆ.ಜಿ. ಪ್ರತಿದಿನ ನಡೆಯುವವರಿಗೆ 12ರೊಳಗಿದ್ದರೆ ಒಳ್ಳೆಯದು. ನೀರು, ಆಹಾರ, ಇಂಧನ ಬಿಟ್ಟು ಉಳಿದ ಸಾಮಾನು 8 ಕೆ.ಜಿ. ಒಳಗೆ ತರಲು ಸಾಧ್ಯವಿದೆ: ಟೆಂಟ್ 1.5, ಸ್ಲೀಪಿಂಗ್ ಬ್ಯಾಗ್ 1, ಮ್ಯಾಟ್ 0.5, ಚೀಲ 1.3, ಉಟ್ಟದ್ದು ಬಿಟ್ಟು ಬಟ್ಟೆ ಮತ್ತು ಮಳೆಯಂಗಿ 1.2, ಒಲೆ ಮತ್ತು ಪಾತ್ರೆ 0.5, ಫೋನ್–ಪವರ್ ಬ್ಯಾಂಕ್–ಹೆಡ್‌ಲ್ಯಾಂಪ್ 0.7, ಔಷಧ ಮತ್ತು ರಿಪೇರಿ ಸಾಮಾನು 0.5, ಚಿಲ್ಲರೆ ಸಾಮಾನು 0.6. ಒಟ್ಟು 7.8. ಇದಕ್ಕೆ ಎರಡೂವರೆ ಲೀಟರ್ ನೀರು, ಎರಡು ದಿನದ ಒಣ ಆಹಾರ 1.3 ಕೆ.ಜಿ., ಚಿಕ್ಕ ಗ್ಯಾಸ್ ಡಬ್ಬಿ 0.2 ಸೇರಿದರೆ 11.8. ರಸ್ತೆಯ ನಡಿಗೆಯಲ್ಲಿ ಊರುಗಳು ಸಿಗುತ್ತಲೇ ಇರುತ್ತವೆ, ವಾರದ ಆಹಾರ ಹೊರುವುದು ಬೇಡ. ಹೆಚ್ಚಿನವರ ಚೀಲದಲ್ಲಿ ಮೊದಲು ತೆಗೆಯಬೇಕಾದ್ದು ಬಟ್ಟೆ. ನಡೆಯಲು ಒಂದು ಜೊತೆ, ಮಲಗಲು ಒಂದು ಒಣ ಜೊತೆ ಸಾಕು. ಆ ಮಲಗುವ ಜೊತೆಯನ್ನು ಏನೇ ಆದರೂ ಹಗಲು ತೊಡಬೇಡಿ.

ಅಷ್ಟೇ ತೂಕವನ್ನು ಸರಿಯಾಗಿ ಹೊತ್ತರೆ ಒಂದು ಬಗೆ, ತಪ್ಪಾಗಿ ಹೊತ್ತರೆ ಇನ್ನೊಂದು ಬಗೆ. ಸ್ಲೀಪಿಂಗ್ ಬ್ಯಾಗ್ ತಳದಲ್ಲಿ, ನೀರು, ಆಹಾರ ಬೆನ್ನಿಗೆ ತಾಗಿಕೊಂಡಂತೆ, ಹೆಗಲ ಮೂಳೆಗಳ ಮಟ್ಟದಲ್ಲಿ, ಹಗುರವಾದದ್ದು ಹೊರಭಾಗದಲ್ಲಿ, ಮಳೆಯಂಗಿ ಎಲ್ಲಕ್ಕಿಂತ ಮೇಲೆ. ಚೀಲದ ಮೇಲುಹೊದಿಕೆ ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯುವುದಿಲ್ಲ, ಆದ್ದರಿಂದ ಒಳಗೆ ದಪ್ಪನೆಯ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ತುಂಬಿ. ಹೊರುವಾಗ ಎಲ್ಲ ಪಟ್ಟಿಗಳನ್ನೂ ಸಡಿಲಿಸಿ ಬೆನ್ನಿಗೇರಿಸಿ. ತುಸು ಮುಂದೆ ಬಾಗಿ, ಹಿಪ್ ಬೆಲ್ಟ್‌ನ ಮೆತ್ತನೆಯ ಭಾಗದ ಅರ್ಧ ಸೊಂಟದ ಮೂಳೆಯ ಮೇಲಂಚಿನ ಮೇಲಕ್ಕೂ ಅರ್ಧ ಕೆಳಕ್ಕೂ ಬರುವಂತೆ ಕೂರಿಸಿ ಬಿಗಿಯಿರಿ. ನೆಟ್ಟಗೆ ನಿಂತು ಹೆಗಲ ಪಟ್ಟಿಗಳನ್ನು ಮೈಗೆ ತಾಗುವಷ್ಟು ಮಾತ್ರ ಎಳೆಯಿರಿ. ಹೆಗಲ ಮೇಲಿನಿಂದ ಚೀಲದ ತಲೆಗೆ ಹೋಗುವ ಚಿಕ್ಕ ಪಟ್ಟಿ ಸುಮಾರು 45 ಡಿಗ್ರಿ ಓರೆಯಲ್ಲಿರಲಿ. ಎದೆಯ ಪಟ್ಟಿ ಕೊನೆಗೆ, ಉಸಿರಿಗೆ ಅಡ್ಡಿಯಾಗದಷ್ಟು. ಈಗ ಹೆಗಲಿನ ನೆತ್ತಿಯಲ್ಲಿ ಪಟ್ಟಿಯ ಅಡಿಗೆ ಒಂದು ಬೆರಳು ಸಲೀಸಾಗಿ ನುಗ್ಗಬೇಕು. ನುಗ್ಗದಿದ್ದರೆ ಭಾರ ಇನ್ನೂ ಹೆಗಲ ಮೇಲೇ ಇದೆ. ಮತ್ತೆ ಮೊದಲಿನಿಂದ ಮಾಡಿ.

ಪಾದದ ವಿಷಯಕ್ಕೆ ಬರೋಣ, ಹನ್ನೆರಡು ದಿನದ ಯೋಜನೆ ನಿಂತಿರುವುದೇ ಅದರ ಮೇಲೆ. ಬೊಬ್ಬೆ ಏಳುವುದು ಚರ್ಮ ಮೇಲಿಂದ ಸವೆದು ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಆಗುವುದು ಬೇರೆ. ಕಾಲುಚೀಲಕ್ಕೆ ಅಂಟಿಕೊಂಡ ಹೊರಚರ್ಮ ಇದ್ದಲ್ಲೇ ನಿಲ್ಲುತ್ತದೆ, ಒಳಗಿನ ಹಿಮ್ಮಡಿ ಮೂಳೆ ಪ್ರತಿ ಹೆಜ್ಜೆಗೂ ಅಷ್ಟಿಷ್ಟು ಸರಿಯುತ್ತದೆ. ನಡುವಿನ ಪದರಗಳು ಎಳೆದಾಡಿ ಎಳೆದಾಡಿ ಕೊನೆಗೆ ಬಿಟ್ಟುಕೊಳ್ಳುತ್ತವೆ, ಆ ಬಿರುಕಿಗೆ ನೀರು ತುಂಬುತ್ತದೆ. 28 ಕಿ.ಮೀ. ಎಂದರೆ ಸುಮಾರು 40,000 ಹೆಜ್ಜೆ, ಒಂದೊಂದು ಪಾದಕ್ಕೆ ಇಪ್ಪತ್ತು ಸಾವಿರ ಸಲ ಈ ಎಳೆದಾಟ. ಚರ್ಮ ಒದ್ದೆಯಾದಷ್ಟೂ ಅಂಟು ಹೆಚ್ಚು, ಹೊರೆ ಹೆಚ್ಚಿದಷ್ಟೂ ಎಳೆತ ಹೆಚ್ಚು. ಆದ್ದರಿಂದ ಬಿಗಿಯಾದ ಶೂ ಮದ್ದಲ್ಲ. ಒಳಗೆ ಜಾರಾಟ ಮತ್ತು ಒದ್ದೆ ಕಡಿಮೆಯಾಗಬೇಕು.

ಶೂ ಕೊಳ್ಳುವುದು ಸಂಜೆ, ಪಾದ ಊದಿಕೊಂಡಿರುವಾಗ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಸಾಮಾನ್ಯ ಅಳತೆಗಿಂತ ಅರ್ಧದಿಂದ ಒಂದು ಸೈಜು ದೊಡ್ಡದು. ಹೊಸ ಶೂ ಹಾಕಿ ಯಾತ್ರೆ ಹೊರಡಬೇಡಿ, ಮೊದಲು 80–100 ಕಿ.ಮೀ. ನಡೆದಿರಲಿ. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್‌ನವು ಎರಡು ಜೊತೆ ಇಟ್ಟುಕೊಂಡು ಮಧ್ಯಾಹ್ನ ಬದಲಿಸಿ, ಬಿಚ್ಚಿದ್ದನ್ನು ಚೀಲದ ಹೊರಗೆ ಕಟ್ಟಿ ಒಣಗಿಸಿ. ಎರಡು ಗಂಟೆಗೊಮ್ಮೆ ಶೂ, ಕಾಲುಚೀಲ ಎರಡನ್ನೂ ಬಿಚ್ಚಿ ಪಾದಕ್ಕೆ ಗಾಳಿ ಆಡಿಸಿ. ಹತ್ತು ನಿಮಿಷ ಹೋಯಿತಲ್ಲ ಎಂದು ಈ ಕೆಲಸ ಬಿಟ್ಟವರು ಮೂರನೇ ದಿನ ಒಂದು ಗಂಟೆಯನ್ನೇ ಕಳೆದುಕೊಳ್ಳುತ್ತಾರೆ.

ಹಿಮ್ಮಡಿ ಎದ್ದೇಳುವುದನ್ನು ತಡೆಯಲು ಲೇಸಿನಲ್ಲೇ ಉಪಾಯವಿದೆ. ಶೂವಿನ ತೀರಾ ಮೇಲಿನ, ಸಾಮಾನ್ಯವಾಗಿ ಖಾಲಿ ಬಿಡುವ ರಂಧ್ರ ನೋಡಿ. ಲೇಸನ್ನು ಅಡ್ಡ ಹಾಯಿಸದೆ ಅದೇ ಬದಿಯ ಆ ರಂಧ್ರಕ್ಕೆ ಹೊರಗಿನಿಂದ ಒಳಕ್ಕೆ ತೂರಿಸಿ, ಚಿಕ್ಕ ಕುಣಿಕೆ ಉಳಿಸಿ. ಎರಡೂ ಬದಿ ಹೀಗೆ ಮಾಡಿ, ಬಲದ ತುದಿಯನ್ನು ಎಡದ ಕುಣಿಕೆಗೂ ಎಡದ್ದನ್ನು ಬಲದ ಕುಣಿಕೆಗೂ ತೂರಿಸಿ, ಹಿಮ್ಮಡಿಯನ್ನು ಶೂವಿನ ಹಿಂಬದಿಗೆ ಒತ್ತಿ ಹಿಡಿದು ಕೆಳಮುಖವಾಗಿ ಎಳೆದು ಕಟ್ಟಿ. ಬೆರಳುಗಳ ಕಡೆ ಸಡಿಲ, ಕಣಕಾಲಿನ ಹತ್ತಿರ ಮಾತ್ರ ಬಿಗಿ. ಇಳಿಜಾರಿನಲ್ಲಿ ಬೆರಳ ತುದಿ ಶೂವಿಗೆ ಬಡಿಯುವುದೂ ಇದರಿಂದ ನಿಲ್ಲುತ್ತದೆ.

ಚರ್ಮ ಚುರುಗುಟ್ಟಿದ ಕೂಡಲೇ ನಿಲ್ಲಿ, ಮುಂದಿನ ಕಿಲೋಮೀಟರ್ ಕಲ್ಲಿನವರೆಗೆ ಎಂದು ಎಳೆಯಬೇಡಿ. ಪಾದ ಒರೆಸಿ ಒಣಗಿಸಿ, ಜಿಂಕ್ ಆಕ್ಸೈಡ್ ಟೇಪಿನ (ಗಾಯಕ್ಕೆ ಹಾಕುವ ಬಟ್ಟೆಯ ಅಂಟುಪಟ್ಟಿ) ತುಂಡು ಕತ್ತರಿಸಿ, ಮೂಲೆಗಳನ್ನು ದುಂಡು ಮಾಡಿ, ಸುಕ್ಕಿಲ್ಲದೆ ಅಂಟಿಸಿ. ನಿಮಗೆ ಎಲ್ಲೆಲ್ಲಿ ಬೊಬ್ಬೆ ಬರುತ್ತದೆಂದು ಈಗ ಗೊತ್ತಿದೆ. ಮುಂದಿನ ಸಲ ಬೆಳಿಗ್ಗೆಯೇ ಅಲ್ಲಿ ಟೇಪ್ ಹಾಕಿ ಹೊರಡಿ. ಎದ್ದ ಬೊಬ್ಬೆ ಚಿಕ್ಕದಾಗಿದ್ದು ನೋಯದಿದ್ದರೆ ಒಡೆಯಬೇಡಿ, ನಡುವೆ ತೂತಿರುವ ಮೆತ್ತೆ ಸುತ್ತ ಇಟ್ಟು ಒತ್ತಡ ತಪ್ಪಿಸಿ. ದೊಡ್ಡದಾಗಿ ಬಿಗಿದಿದ್ದರೆ ಸೋಪು ಹಾಕಿ ತೊಳೆದು, ಸ್ಪಿರಿಟ್‌ನಿಂದ ಒರೆಸಿದ ಸೂಜಿಯಿಂದ ಕೆಳ ಅಂಚಿನಲ್ಲಿ ಎರಡು ಕಡೆ ಚುಚ್ಚಿ ನೀರು ಒತ್ತಿ ತೆಗೆಯಿರಿ. ಮೇಲಿನ ಚರ್ಮ ಕೀಳಬೇಡಿ. ಅದಕ್ಕಿಂತ ಒಳ್ಳೆಯ ಬ್ಯಾಂಡೇಜ್ ಚೀಲದಲ್ಲಿಲ್ಲ. ಸಕ್ಕರೆ ಕಾಯಿಲೆ ಇರುವವರು ಈ ಚುಚ್ಚುವ ಕೆಲಸಕ್ಕೆ ಕೈಹಾಕಲೇಬಾರದು. ಕೀವು, ಸುತ್ತ ಹರಡುವ ಕೆಂಪು, ಮೇಲಕ್ಕೇರುವ ಕೆಂಪು ಗೆರೆ, ಜ್ವರ ಕಂಡರೆ ನಡಿಗೆ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ನಿಮ್ಮ ಕಿರುಬೆರಳಿನ ಬೊಬ್ಬೆಗೆ ಮಾತ್ರ ಕಾರಣ ಶೂ ಅಲ್ಲ, ರಸ್ತೆ. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಉಬ್ಬಿಸಿ ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ಬಲ ಅಂಚಿನಲ್ಲಿ ದಿನವಿಡೀ ನಡೆದಾಗ ಬಲಪಾದ ತಗ್ಗಿನಲ್ಲಿ ಬಿದ್ದು, ಪಾದ ಹೊರಕ್ಕೆ ಜಾರಿ, ಕಿರುಬೆರಳು ಶೂವಿನ ಗೋಡೆಗೆ ಒತ್ತುತ್ತದೆ. ಹೀಗೇ ಮುಂದುವರಿದರೆ ಮೊಣಕಾಲಿನ ಹೊರಬದಿ ನೋಯಲು ಶುರುವಾಗುತ್ತದೆ. ಡಾಂಬರಿನ ಅಂಚು ಬಿಟ್ಟು ಪಕ್ಕದ ಮಣ್ಣಿನ ಪಟ್ಟಿ ಸಮತಟ್ಟಾಗಿದ್ದರೆ ಅದನ್ನು ಹಿಡಿಯಿರಿ. ಎಡಬದಿಯಲ್ಲಿ ಕಾಲುದಾರಿ ಅಥವಾ ಅಗಲವಾದ ಪಕ್ಕಪಟ್ಟಿ ಸಿಕ್ಕಲ್ಲೆಲ್ಲ ಆ ಕಡೆಗೆ ದಾಟಿ ಪಾದಗಳಿಗೆ ಪಾಳಿ ಬದಲಿಸಿ.

ಹಾಗೆಂದು ವಾಹನಗಳಿಗೆ ಎದುರಾಗಿ ನಡೆಯುವ ಕ್ರಮ ಬಿಡಬೇಡಿ, ಅದೇ ಸರಿ. ಅದರಲ್ಲಿ ಎರಡು ಅಪಾಯ ಮಾತ್ರ ಉಳಿದಿರುತ್ತವೆ. ಒಂದು, ನೀವಿರುವ ಬದಿಗೇ ತಿರುಗುವ ಕುರುಡು ತಿರುವು. ತಿರುವಿನ ಒಳಮಗ್ಗುಲಲ್ಲಿ ನೀವಿದ್ದರೆ ಎದುರಿನ ಚಾಲಕನಿಗೆ ಕೊನೆಯ ಕ್ಷಣದವರೆಗೆ ಕಾಣಿಸುವುದಿಲ್ಲ. ತಿರುವಿಗೆ ನೂರು ಮೀಟರ್ ಇರುವಾಗಲೇ ಹೊರಮಗ್ಗುಲಿಗೆ ದಾಟಿ, ತಿರುವು ಕಳೆದ ಮೇಲೆ ಮರಳಿ ಬನ್ನಿ. ಇನ್ನೊಂದು, ಹೆಚ್ಚಿನವರಿಗೆ ಹೊಳೆಯದ್ದು: ಹಿಂದಿನಿಂದ ಓವರ್‌ಟೇಕ್ ಮಾಡುವ ವಾಹನ ನಿಮ್ಮ ಬದಿಗೇ ಬರುತ್ತದೆ, ಅದೂ ಬೆನ್ನ ಹಿಂದಿನಿಂದ. ಎದುರು ರಸ್ತೆ ಖಾಲಿಯಾಗಿರುವಾಗಲೇ ಚಾಲಕರು ಓವರ್‌ಟೇಕ್ ಮಾಡುವುದು, ಅಂದರೆ ನೀವು ನಿಶ್ಚಿಂತೆಯಿಂದ ಇರುವ ಹೊತ್ತಿನಲ್ಲೇ. ಆದ್ದರಿಂದ ಕಿವಿಗೆ ಇಯರ್‌ಫೋನ್ ಬೇಡ, ಹಿಂದೆ ಎಂಜಿನ್ ಸದ್ದು ಜೋಡಿಯಾಗಿ ಕೇಳಿದರೆ ರಸ್ತೆಯಿಂದ ಕೆಳಗಿಳಿಯಿರಿ. ಕಿರಿದಾದ ಸೇತುವೆಯ ಮೇಲೆ ಇಳಿಯಲು ಜಾಗವೇ ಇರುವುದಿಲ್ಲ. ಈಚೆ ನಿಂತು, ಎರಡೂ ಕಡೆ ಖಾಲಿಯಾದ ಮೇಲೆ ಬಿರಬಿರನೆ ದಾಟಿ.

ಕತ್ತಲಲ್ಲಿ ರಸ್ತೆ ನಡಿಗೆ ಬೇಡವೇ ಬೇಡ, ಕಾರಣ ಲೆಕ್ಕದಲ್ಲೇ ಇದೆ. ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕ ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿದರೆ 33 ಮೀಟರ್ ಅಲ್ಲೇ ಹೋಯಿತು. ಒಣ ರಸ್ತೆಯಲ್ಲೂ ನಿಲ್ಲಲು ಇನ್ನೂ ಅಷ್ಟೇ ಬೇಕು. ಲೋ ಬೀಮ್ (ತಗ್ಗಿಸಿದ ಹೆಡ್‌ಲೈಟ್) ಬೆಳಕಿನಲ್ಲಿ ಗಾಢ ಬಣ್ಣದ ಬಟ್ಟೆಯ ಮನುಷ್ಯ ಅಷ್ಟು ದೂರದಿಂದ ಕಾಣುವುದೇ ಇಲ್ಲ. ಮುಂಜಾವಿನ ಮಬ್ಬಿನಲ್ಲಿ ಅನಿವಾರ್ಯವಾಗಿ ಹೊರಟರೆ ಪ್ರತಿಫಲಿಸುವ ಪಟ್ಟಿಗಳನ್ನು ಎದೆಗೆ ಮಾತ್ರವಲ್ಲ, ಕಣಕಾಲು ಮತ್ತು ಮೊಣಕಾಲಿಗೂ ಕಟ್ಟಿ. ಸ್ಥಿರವಾಗಿ ಹೊಳೆಯುವ ಚುಕ್ಕೆಯನ್ನು ಕಂಬವೆಂದು ಭಾವಿಸಬಹುದು. ಕಾಲಿನಂತೆ ಆಡುವ ಬೆಳಕನ್ನು ಕಣ್ಣು ಕೂಡಲೇ ಮನುಷ್ಯನೆಂದು ಗುರುತಿಸುತ್ತದೆ.

ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ಕಣ್ಣಲ್ಲಿ ಕಣ್ಣಿಡಬೇಡಿ. ನಿಂತು, ಕೋಲನ್ನು ನಡುವೆ ಅಡ್ಡ ಹಿಡಿದು, ಓರೆಯಾಗಿ ಹಿಂದೆ ಸರಿಯಿರಿ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆ ಶುರು ಮಾಡಿಸಿ. ಯಾತ್ರೆ ಆಮೇಲೆ.

ನೀರು ಸಾಧಾರಣ ಹವೆಯಲ್ಲಿ ನಡಿಗೆಯ ಗಂಟೆಗೆ ಅರ್ಧ ಲೀಟರ್, ಸುಡುಬಿಸಿಲಲ್ಲಿ ಒಂದು ಲೀಟರ್‌ವರೆಗೆ. ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಉಂಟಾಗುತ್ತದೆ. ಅದನ್ನು ಬಿಸಿಲಿನ ಬಳಲಿಕೆ ಎಂದೇ ತಿಳಿದು ಇನ್ನಷ್ಟು ನೀರು ಕುಡಿಯುವುದು ದೊಡ್ಡ ತಪ್ಪು. ಬೆವರಿಳಿಯುವ ದಿನ ಒಆರ್‌ಎಸ್ ಪೊಟ್ಟಣ ಜೊತೆಗಿರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು; ಉಪ್ಪಿನ ಅಳತೆ ಮೀರಬಾರದು.

ನೀರು ಶುದ್ಧಗೊಳಿಸಲು ಕುದಿಸುವುದೇ ಎಲ್ಲಕ್ಕಿಂತ ಖಚಿತ: ಬಳಬಳನೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. 0.1 ಮೈಕ್ರಾನ್‌ನ ಟೊಳ್ಳುನಾಳ ಫಿಲ್ಟರ್ (ಅತಿಸಣ್ಣ ರಂಧ್ರಗಳಿರುವ ಎಳೆಯಂಥ ನಾಳಗಳ ಮೂಲಕ ನೀರು ಸೋಸುವ ಸಾಧನ) ಬ್ಯಾಕ್ಟೀರಿಯಾ ಮತ್ತು ಏಕಕೋಶ ಪರಾವಲಂಬಿಗಳನ್ನು ಹಿಡಿಯುತ್ತದೆ, ವೈರಸ್ಸನ್ನು ಹಿಡಿಯುವುದಿಲ್ಲ. ಒಮ್ಮೆ ಬಳಸಿದ ಮೇಲೆ ಅದು ಹೆಪ್ಪುಗಟ್ಟಿದರೆ ಒಳಗಿನ ನಾಳ ಸೀಳಿಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಚಳಿಯಲ್ಲಿ ಸ್ಲೀಪಿಂಗ್ ಬ್ಯಾಗ್ ಒಳಗಿಟ್ಟುಕೊಂಡು ಮಲಗಿ. ರಸ್ತೆ ಪಕ್ಕದ ಚರಂಡಿ, ಮೋರಿಯ ನೀರನ್ನಂತೂ ಮುಟ್ಟಬೇಡಿ. ಅದರಲ್ಲಿ ಎಣ್ಣೆ, ಟೈರಿನ ಪುಡಿ, ಹೊಲದಿಂದ ಬಂದ ಕೀಟನಾಶಕ ಇರುತ್ತವೆ. ಕುದಿಸಿದರೂ ಸೋಸಿದರೂ ಅವು ಹೋಗುವುದಿಲ್ಲ.

ಸಂಜೆಯಿಂದ ಬೆಳಗಿನವರೆಗೆ ಎರಡೂವರೆ ಲೀಟರ್ ಬೇಕು: ಅಡುಗೆಗೆ ಒಂದು, ಕುಡಿಯಲು ಒಂದು, ಬೆಳಗಿನ ಹೊರಡುವಿಕೆಗೆ ಅರ್ಧ. ಇಲ್ಲಿ ಒಂದು ಒಳ್ಳೆಯ ಅಭ್ಯಾಸ ಹೇಳಬೇಕು. ಕೊನೆಯ ನೀರಿನ ಜಾಗದಲ್ಲೇ, 3ರ ಸುಮಾರಿಗೆ, ಅಡುಗೆ ಮಾಡಿ ಉಂಡು ಪಾತ್ರೆ ತೊಳೆದುಬಿಡಿ. ಆಮೇಲೆ ಮೂರು ನಾಲ್ಕು ಕಿ.ಮೀ. ನಡೆದು ಮಲಗಿ. ಹೊರಬೇಕಾದ ನೀರು ಒಂದೂವರೆ ಲೀಟರಿಗೆ ಇಳಿಯುತ್ತದೆ, ಮಲಗುವ ಜಾಗದಲ್ಲಿ ಅನ್ನದ ವಾಸನೆ ಇಲ್ಲದ್ದರಿಂದ ಇಲಿ, ನಾಯಿ, ಹಂದಿ ಸುಳಿಯುವುದು ಕಡಿಮೆ, ಕತ್ತಲಲ್ಲಿ ಒಲೆ ಹಚ್ಚುವ ಕೆಲಸವೂ ಇಲ್ಲ. ನಿಮ್ಮ ದಿನಚರಿಯಲ್ಲಿ ಒಂದೇ ಬದಲಾವಣೆ ಮಾಡುವುದಾದರೆ ಇದನ್ನು ಮಾಡಿ. ಅಂದಹಾಗೆ ಒಲೆ ಯಾವತ್ತೂ ಟೆಂಟ್ ಒಳಗೆ ಬೇಡ, ಮಳೆ ಸುರಿಯುತ್ತಿದ್ದರೂ: ಬೆಂಕಿಗಿಂತ ಮೊದಲು ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ. ಚಳಿಯಲ್ಲಿ ಗ್ಯಾಸ್ ಒಲೆ ಸೊರಗಿದರೆ ಡಬ್ಬಿ ಖಾಲಿಯೆಂದು ಎಸೆಯಬೇಡಿ. ಸಾದಾ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಐಸೊಬ್ಯೂಟೇನ್–ಪ್ರೊಪೇನ್ ಮಿಶ್ರಣದ ಡಬ್ಬಿ ತೆಗೆದುಕೊಳ್ಳಿ.

ಮಲಗುವ ಜಾಗದ ಮೊದಲ ಪ್ರಶ್ನೆ ಅನುಮತಿಯದ್ದು, ನೆಲದ್ದು ಆಮೇಲೆ. ಕಾನೂನು ದೇಶಕ್ಕೊಂದು ಬಗೆ. ನಾರ್ವೆಯಲ್ಲಿ ಬೇಲಿಯಿಲ್ಲದ, ಸಾಗುವಳಿಯಿಲ್ಲದ ನೆಲದಲ್ಲಿ ಜನವಾಸದ ಮನೆಯಿಂದ 150 ಮೀಟರ್ ದೂರದಲ್ಲಿ ಟೆಂಟ್ ಹಾಕಬಹುದು; ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಇಂಥ ಹಕ್ಕು ಕೊಟ್ಟಿದೆ. ಬಹಳಷ್ಟು ಕಡೆ ಈ ಹಕ್ಕು ಇಲ್ಲ, ಅರಣ್ಯ ಪ್ರದೇಶದಲ್ಲಂತೂ ಪ್ರತ್ಯೇಕ ನಿಯಮವಿರುತ್ತದೆ. ಹೋಗುವ ಕಡೆಯ ನಿಯಮ ಮೊದಲೇ ತಿಳಿದುಕೊಳ್ಳಿ. ಜಮೀನು ಯಾರದೆಂದು ಗೊತ್ತಾದರೆ ಬೆಳಕಿರುವಾಗಲೇ ಹೋಗಿ ಕೇಳಿ. ‘ಒಂದು ರಾತ್ರಿ, ಒಬ್ಬನೇ, ಬೆಂಕಿ ಹಚ್ಚುವುದಿಲ್ಲ, ಬೆಳಕು ಹರಿಯುತ್ತಲೇ ಹೊರಡುತ್ತೇನೆ’ ಎಂಬ ನಾಲ್ಕು ಮಾತು ಸಾಕು. ಕತ್ತಲಾದ ಮೇಲೆ ಬಾಗಿಲು ತಟ್ಟುವವರನ್ನು ಯಾರೂ ನಂಬುವುದಿಲ್ಲ. ಅದಕ್ಕೂ ಆ 4.30 ಬೇಕು.

ಹಿಂದಿನ ರಾತ್ರಿಯೇ ನಕ್ಷೆಯಲ್ಲಿ 20, 24, 27 ಕಿ.ಮೀ. ಆಸುಪಾಸಿನಲ್ಲಿ ಮೂರು ಜಾಗ ಗುರುತಿಸಿಟ್ಟುಕೊಳ್ಳಿ. ಉಪಗ್ರಹ ಚಿತ್ರದಲ್ಲಿ ಮರಗಳ ಮರೆ, ಎತ್ತರದ ಗೆರೆಗಳಲ್ಲಿ ಇಳಿಜಾರು, ಮುಖ್ಯ ರಸ್ತೆಯಿಂದ ಕವಲೊಡೆಯುವ ಸಣ್ಣ ದಾರಿ ನೋಡಿ. ರಸ್ತೆಯಿಂದ ಕನಿಷ್ಠ ನೂರು ಮೀಟರ್ ಒಳಗೆ, ರಸ್ತೆಗಿಂತ ಎತ್ತರದಲ್ಲಿರುವ ಜಾಗ ಒಳ್ಳೆಯದು. ಎತ್ತರವೇಕೆಂದರೆ ಚಾಲಕನ ಕಣ್ಣು, ಹೆಡ್‌ಲೈಟ್ ಎರಡೂ ಕೆಳಮುಖ ಅಥವಾ ನೇರ. ಆರೇಳು ಮೀಟರ್ ದಿಬ್ಬದ ಮೇಲೆ ಮಲಗಿದವನು ಯಾರಿಗೂ ಕಾಣುವುದಿಲ್ಲ. ತಿರುವಿನ ಹೊರಮಗ್ಗುಲು ಎರಡು ಕಾರಣಕ್ಕೆ ಕೆಟ್ಟದ್ದು: ತಿರುಗುವ ಪ್ರತಿ ವಾಹನದ ಬೆಳಕೂ ಅಲ್ಲಿಗೇ ಬೀಳುತ್ತದೆ, ಅಂಕೆ ತಪ್ಪಿದ ವಾಹನ ನುಗ್ಗುವುದೂ ಅಲ್ಲಿಗೇ. ನಿಮಗೆ ರಾತ್ರಿಯಿಡೀ ಬೆಳಕು ಬಿದ್ದದ್ದು ಇದರಿಂದಲೇ ಇರಬೇಕು. ಲಾರಿ ನಿಲ್ಲಿಸುವ ಬಯಲು, ಗಾಡಿ ತಿರುಗಿಸುವ ಜಾಗ, ಗೇಟಿನ ಮುಂಭಾಗ ಇವುಗಳಲ್ಲಿ ಎಂದಿಗೂ ಟೆಂಟ್ ಬೇಡ. ರಾತ್ರಿ ಹಿಂದಕ್ಕೆ ಬರುವ ಲಾರಿಗೆ ನೆಲಮಟ್ಟದ ಟೆಂಟ್ ಕಾಣುವುದಿಲ್ಲ. ಕೊಯ್ಲಾದ ಹೊಲ ಹಿತವಾಗಿ ಕಾಣುತ್ತದೆ, ಆದರೆ ಬೆಳಗಿನ ಜಾವ ಅಲ್ಲಿಗೆ ಟ್ರ್ಯಾಕ್ಟರ್ ಬಂದೀತು.

ಜಾಗ ಕಂಡ ಮೇಲೆ ಚೀಲ ಇಳಿಸಿ ಖಾಲಿ ಕೈಯಲ್ಲಿ ಐದು ನಿಮಿಷ ಸುತ್ತಾಡಿ. ತಲೆ ಎತ್ತಿ ಒಣಗಿದ ಕೊಂಬೆ ಇದೆಯೇ ನೋಡಿ. ಕೆಳಗೆ ಇರುವೆ ಸಾಲು, ಹಾವಿನ ಬಿಲ, ಹಂದಿ ಕೆದರಿದ ಮಣ್ಣು, ಹುಲ್ಲು ತುಳಿದು ಆದ ಪ್ರಾಣಿಗಳ ಜಾಡು ಇದೆಯೇ ನೋಡಿ. ಒಣಹಳ್ಳದ ಮರಳು ಮೆತ್ತಗಿರುತ್ತದೆ, ಆದರೆ ಮೇಲೆಲ್ಲೋ ಮಳೆಯಾದರೆ ನಿಮ್ಮ ತಲೆಯ ಮೇಲೆ ಒಂದು ಹನಿ ಬೀಳದೆಯೂ ಪ್ರವಾಹ ಬರುತ್ತದೆ. ಪೊದೆಗಳ ಬುಡದಲ್ಲಿ ಒಂದೇ ಎತ್ತರಕ್ಕೆ ಸಿಕ್ಕಿಕೊಂಡ ಕಸಕಡ್ಡಿ ಕಂಡರೆ ಅದು ಹಿಂದಿನ ನೆರೆ ಬಿಟ್ಟ ಗುರುತು. ಆ ಮಟ್ಟಕ್ಕಿಂತ ಮೇಲೆ ಹೋಗಿ. ಹೊಸ ಬಾಟಲಿ ಚೂರು, ಸಿಗರೇಟು ತುಂಡು, ಬೂದಿ ಇದ್ದಲ್ಲಿ ರಾತ್ರಿ ಜನ ಸೇರುತ್ತಾರೆ, ಅಲ್ಲಿಂದ ಹೊರಡಿ. ಕೊನೆಗೆ ರಸ್ತೆಗೆ ಹಿಂದಿರುಗಿ, ಎರಡೂ ದಿಕ್ಕಿನಿಂದ ಜಾಗದ ಕಡೆ ನೋಡಿ. ಚೀಲ ಕಂಡರೆ ಟೆಂಟ್ ಇನ್ನೂ ಚೆನ್ನಾಗಿ ಕಾಣುತ್ತದೆ. ಜಾಗದೊಳಗೆ ಹೋಗುವುದನ್ನೂ ಯಾರೂ ನೋಡದಿರುವುದು ಮುಖ್ಯ: ವಾಹನ ಬರುತ್ತಿದ್ದರೆ ನೇರ ನಡೆಯುತ್ತಲೇ ಇರಿ, ರಸ್ತೆ ಖಾಲಿಯಾದಾಗ ಒಳಗೆ ತಿರುಗಿ.

ರಸ್ತೆ ಬದಿಯ ನೆಲ ಜಲ್ಲಿ ತುಂಬಿ ಗಟ್ಟಿಯಾಗಿರುವುದು ಹೆಚ್ಚು. ಗೂಟ ಇಳಿಯದಿದ್ದರೆ ಬಡಿದು ಬಗ್ಗಿಸಬೇಡಿ. ದಾರದ ಕುಣಿಕೆಗೆ ಗೂಟವನ್ನು ಅಡ್ಡ ತೂರಿಸಿ ನೆಲದ ಮೇಲೆ ಮಲಗಿಸಿ, ಅದರ ಮೇಲೆ ತಲೆಗಾತ್ರದ ಕಲ್ಲಿಡಿ. ಇಂಥ ನೆಲಕ್ಕೆ ಗೂಟವಿಲ್ಲದೆ ತಾನೇ ನಿಲ್ಲುವ ಟೆಂಟ್ ಅನುಕೂಲ. ಟ್ರೆಕ್ಕಿಂಗ್ ಪೋಲ್ ಮೇಲೆ ನಿಲ್ಲುವ ಟೆಂಟ್ ಅರ್ಧ ಕೆ.ಜಿ. ಉಳಿಸಿದರೂ ಗೂಟ ಕಿತ್ತರೆ ಕುಸಿಯುತ್ತದೆ. ತುಸು ಇಳಿಜಾರಿದ್ದರೆ ತಲೆ ಮೇಲಕ್ಕೆ, ಬಾಗಿಲು ಗಾಳಿಯ ಎದುರಿಗಲ್ಲ.

ನಿಮ್ಮ ಟೆಂಟ್ ಒಳಗಿನ ನೀರು ಸೋರಿದ್ದಲ್ಲ. ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ ಒಂದು ರಾತ್ರಿಯಲ್ಲಿ ಕಾಲು ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಟೆಂಟ್ ಬಟ್ಟೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿ, ಆ ಆವಿಯೆಲ್ಲ ಅದರ ಒಳಮೈಗೆ ಹನಿಗಟ್ಟುತ್ತದೆ. ತಣ್ಣನೆಯ, ತೇವದ ಗಾಳಿ ತಗ್ಗಿಗೆ ಇಳಿದು ನಿಲ್ಲುವುದರಿಂದ ಅಲ್ಲಿ ಇದು ಇನ್ನೂ ಜಾಸ್ತಿ. ತಗ್ಗು ಬಿಟ್ಟು ಇಪ್ಪತ್ತು ಮೀಟರ್ ಮೇಲೆ, ಸಾಧ್ಯವಾದರೆ ಮರದ ಎಲೆಗಳ ಅಡಿಯಲ್ಲಿ ಟೆಂಟ್ ಹಾಕಿ. ಎದುರುಬದುರಿನ ಎರಡು ಕಿಂಡಿ ತೆರೆದಿಡಿ. ಒದ್ದೆ ಬಟ್ಟೆ ಒಳಗೆ ತರಬೇಡಿ. ಬಾಯಿ ಸ್ಲೀಪಿಂಗ್ ಬ್ಯಾಗಿನ ಹೊರಗಿರಲಿ. ಬೆಳಿಗ್ಗೆ ಒಂದು ಬಟ್ಟೆಯಿಂದ ಒರೆಸಿ ಮಡಚಿ, ಮಧ್ಯಾಹ್ನದ ವಿಶ್ರಾಂತಿಯಲ್ಲಿ ಬಿಸಿಲಿಗೆ ಹರವಿ. ಆ ಎರಡು ಗಂಟೆಗೆ ಇದೂ ಒಂದು ಕೆಲಸ.

ಶೌಚಕ್ಕೆ ನೀರಿನ ಮೂಲ ಮತ್ತು ದಾರಿಯಿಂದ 60 ಮೀಟರ್ ದೂರ ಹೋಗಿ 15–20 ಸೆಂ.ಮೀ. ಆಳದ ಗುಂಡಿ ತೋಡಿ ಮುಚ್ಚಿ. ಕ್ಯಾಂಪ್‌ಫೈರ್ ಬೇಡ, ಬೆಂಕಿಯ ಅಪಾಯ ಒಂದಾದರೆ, ಅದು ನಿಮ್ಮ ಜಾಗವನ್ನು ಊರಿಗೆಲ್ಲ ತೋರಿಸುತ್ತದೆ. ಹೆಡ್‌ಲ್ಯಾಂಪಿನ ಕೆಂಪು ಬೆಳಕು ಬಳಸಿ. ಗುಡುಗು ಬಂದರೆ ಮಿಂಚಿಗೂ ಸದ್ದಿಗೂ ನಡುವಿನ ಸೆಕೆಂಡು ಎಣಿಸಿ, ಮೂರಕ್ಕೆ ಒಂದು ಕಿ.ಮೀ.; 30ರೊಳಗಿದ್ದರೆ ಟೆಂಟ್ ರಕ್ಷಣೆಯೇ ಅಲ್ಲ, ಗಟ್ಟಿ ಕಟ್ಟಡಕ್ಕೆ ಅಥವಾ ಮುಚ್ಚಿದ ವಾಹನಕ್ಕೆ ಹೋಗಿ ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಒಂಟಿಯವರಿಗೆ ಫೋನ್ ನಕ್ಷೆಗಿಂತ ಹೆಚ್ಚಾಗಿ ಒಬ್ಬ ಮನುಷ್ಯನ ಕೊಂಡಿ. ಮನೆಯಲ್ಲಿ ಒಬ್ಬರನ್ನು ಗೊತ್ತುಮಾಡಿ, ಪ್ರತಿ ಸಂಜೆ ಟೆಂಟ್ ನಿಂತ ಮೇಲೆ ಅಕ್ಷಾಂಶ–ರೇಖಾಂಶ ಮತ್ತು ನಾಳೆಯ ದಾರಿಯನ್ನು ಸಂದೇಶದಲ್ಲಿ ಕಳಿಸಿ. ಸಂದೇಶ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಯಾರಿಗೆ ಫೋನ್ ಮಾಡಬೇಕು ಎಂಬುದು ಹೊರಡುವ ಮೊದಲೇ ಬರೆದು ಕೊಟ್ಟಿರಲಿ; ಇಲ್ಲವಾದರೆ ಸಿಗ್ನಲ್ ಇಲ್ಲದ ಒಂದು ಸಂಜೆಗೇ ಮನೆಯವರು ಹೆದರುತ್ತಾರೆ, ಅಥವಾ ನಿಜವಾಗಿ ಬೇಕಾದಾಗ ಸುಮ್ಮನಿರುತ್ತಾರೆ. ನಡೆಯುವಾಗ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ದುರ್ಬಲ ಸಿಗ್ನಲ್ ಹುಡುಕುವುದರಲ್ಲೇ ಬ್ಯಾಟರಿ ತೀರುತ್ತದೆ. ಜಿಪಿಎಸ್ ಅದರಲ್ಲೂ ಕೆಲಸ ಮಾಡುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್ 5,000 ಎಂಎಎಚ್ ಫೋನನ್ನು ಎರಡು ಸಲ ತುಂಬಿಸುವುದಿಲ್ಲ, ವೋಲ್ಟೇಜ್ ಬದಲಿಸುವ ನಷ್ಟ ಕಳೆದು ಒಂದೂವರೆ ಸಲ ಎಂದು ಲೆಕ್ಕ ಹಿಡಿಯಿರಿ.

ನೋವುಗಳಲ್ಲಿ ಎರಡು ಬಗೆ. ಮೈಯೆಲ್ಲ ಹರಡಿದ, ಬೆಳಿಗ್ಗೆ ಹತ್ತು ನಿಮಿಷ ನಡೆದ ಮೇಲೆ ಸಡಿಲುವ ನೋವು ಸಹಜ. ಮೊಣಕಾಲಿನ ಕೆಳಗಿನ ಮೂಳೆಯಲ್ಲೋ ಪಾದದ ಮೇಲ್ಭಾಗದಲ್ಲೋ ಒಂದು ಬೆರಳಿಟ್ಟು ತೋರಿಸಬಹುದಾದ ಕಡೆ, ನಡೆದಷ್ಟೂ ಹೆಚ್ಚುವ, ಮಲಗಿದಾಗಲೂ ಕಾಡುವ ನೋವು ಮೂಳೆಯ ಕೂದಲುಬಿರುಕಿನ ಲಕ್ಷಣವಿರಬಹುದು. ಅದರ ಮೇಲೆ ನೋವಿನ ಮಾತ್ರೆ ನುಂಗಿ ನಡೆಯಬೇಡಿ, ಮುಂದಿನ ಊರಿನಿಂದ ವಾಹನ ಹಿಡಿಯಿರಿ.

ನಿಮ್ಮ ಹನ್ನೆರಡು ದಿನಕ್ಕೆ ಹೀಗೆ ಹೊಂದಿಸಿ: ಹಿಮ್ಮಡಿ ಪೂರ್ತಿ ಮಾಗಿದ ಮೇಲೆ, 12 ಕೆ.ಜಿ. ಹೊರೆಯಲ್ಲಿ, ಮೊದಲ ಮೂರು ದಿನ 16–18 ಕಿ.ಮೀ.; ನಾಲ್ಕರಿಂದ ಆರರವರೆಗೆ 20–22; ಏಳನೇ ದಿನ ಊರೊಂದರಲ್ಲಿ ತಂಗಿ ಬಟ್ಟೆ ಒಗೆದು, ಟೆಂಟ್ ಒಣಗಿಸಿ, ಪವರ್ ಬ್ಯಾಂಕ್ ತುಂಬಿಸಿ; ಎಂಟರಿಂದ 24–26. ಒಟ್ಟು 230–250 ಕಿ.ಮೀ. ಆಗುತ್ತದೆ. ಇದಕ್ಕಿಂತ ಉದ್ದದ ದಾರಿ ಆರಿಸಿದ್ದರೆ ದಿನದ ದೂರ ಹೆಚ್ಚಿಸಬೇಡಿ, ದಾರಿಯ ತುದಿಯನ್ನು ಈಚೆಗೆ ತನ್ನಿ.